4200 ಸಾಲಿನ ಕ್ಲಾಸ್, ಎಲ್ಲಿಂದ ಕೈ ಹಾಕುದು? ಅನುಭವ ಇದ್ದವರು ಹೇಳಿ

ಮಣಿಪಾಲದಿಂದ:
ನಮಸ್ಕಾರ. ಕೆಲಸಕ್ಕೆ ಸೇರಿ ಎಂಟು ತಿಂಗಳಾಯ್ತು, ಹೋಲ್‌ಸೇಲ್ ಅಂಗಡಿಗಳ ಬಿಲ್ಲಿಂಗ್ ಸಾಫ್ಟ್‌ವೇರು, ಜಾವಾ. ಅದರಲ್ಲಿ ಬಿಲ್‌ಮ್ಯಾನೇಜರ್ ಅಂತ ಒಂದು ಕ್ಲಾಸ್ (ಕೋಡಿನ ಒಂದು ಕಟ್ಟು) ಉಂಟು, 4200 ಸಾಲು, ಟ್ಯಾಕ್ಸ್ ಹಾಕುದೂ ಅದೇ, ಪ್ರಿಂಟ್ ಮಾಡುದೂ ಅದೇ, ಎಸ್ಸೆಮ್ಮೆಸ್ ಕಳಿಸುದೂ ಅದೇ. ಕೋಡ್ ಸರಿ ಓಡ್ತದಾ ಅಂತ ತಾನೇ ನೋಡುವ ಟೆಸ್ಟ್ ಒಂದೂ ಇಲ್ಲ. ಇಲ್ಲಿ ಮುಟ್ಟಿದ್ರೆ ಇನ್ನೆಲ್ಲೋ ಒಡೀತದೆ. ಕೋಡ್ ಸ್ಮೆಲ್‌ಗಳ (ಕೋಡಿನಲ್ಲಿ ಎಲ್ಲೋ ಎಡವಟ್ಟು ಇರ್ಬಹುದು ಅನ್ನುವ ಸೂಚನೆಗಳ) ಲಿಸ್ಟ್ ಓದಿದೆ, ಓದಿದ ಮೇಲೆ ಎಲ್ಲಾ ಕಡೆ ವಾಸನೆ ಬರ್ಲಿಕ್ಕೆ ಶುರುವಾಗಿದೆ. ಲೀಡ್ ಹತ್ರ ಹೇಳಿದ್ರೆ "ಓಡ್ತಾ ಉಂಟಲ್ಲ, ಸುಮ್ನೆ ಬಿಡು ಮಾರಾಯ" ಅಂತಾರೆ. ಮೊದಲಿಂದ ಬರೆಯುದಾ, ಹೀಗೇ ಬಿಡುದಾ? ಮಂಡೆ ಬಿಸಿ ಆಗ್ತಾ ಉಂಟು.

ಕದ್ರಿಯಿಂದ:
ಮೊದಲಿಂದ ಬರೆಯುದು ಬೇಡವೇ ಬೇಡ ಮಾರಾಯ್ರೆ, ನಾನು ಬಂಗ ಬಂದವ. ಹಿಂದಿನ ಕಂಪನಿಯಲ್ಲಿ ಹೀಗೇ ಒಂದು ಇನ್‌ವಾಯ್ಸ್ ಮಾಡ್ಯೂಲು, ರೌಂಡ್ ಮಾಡುವ ಎರಡು ಮೆಥಡ್ (ಕ್ಲಾಸ್ ಒಳಗೆ ಒಂದೊಂದು ಕೆಲಸ ಮಾಡುವ ತುಂಡು) ನೋಡ್ಲಿಕ್ಕೆ ಅವಳಿ ಮಕ್ಕಳ ಹಾಗೆ ಇತ್ತು, ಡೂಪ್ಲಿಕೇಟ್ ಕೋಡ್ ಸಿಕ್ಕಿತು ಅಂತ ಖುಷಿಯಲ್ಲಿ ಒಂದನ್ನು ತೆಗೆದು ಬಿಸಾಡಿದೆ. ನೋಡಿದ್ರೆ ಒಂದು ಪ್ರತಿ ಐಟಮಿಗೆ ಪೈಸೆ ರೌಂಡ್ ಮಾಡ್ತಿತ್ತು, ಇನ್ನೊಂದು ಕೊನೆಯ ಮೊತ್ತಕ್ಕೆ ಮಾತ್ರ. ಬಿಲ್ಲಿಗೆ ಒಂದೆರಡು ಪೈಸೆ ವ್ಯತ್ಯಾಸ, ಆದ್ರೆ ತಿಂಗಳ ಕೊನೆಗೆ ಲೆಕ್ಕ ಕೂಡಿ ಬರ್ಲಿಲ್ಲ, ಶನಿವಾರ ಆದಿತ್ಯವಾರ ಎರಡೂ ಆಫೀಸಿನಲ್ಲೇ ಕಳೆದೆ.

ಈಗ ನಾನು ಮಾಡುದು ಹೀಗೆ. ಡೇಟಾಬೇಸ್‌ನಿಂದ ಹಳೇ ಬಿಲ್ಲು ಒಂದು ನಲ್ವತ್ತು ಐವತ್ತು ತೆಗೀತೇನೆ, ಮಾಲು ವಾಪಸ್ ಬಂದದ್ದು, ಡಿಸ್ಕೌಂಟ್ ಇದ್ದದ್ದು, ಸೊನ್ನೆ ಮೊತ್ತದ್ದು ಎಲ್ಲಾ ಸೇರಿಸಿ, ಅವಕ್ಕೆ ಈಗಿನ ಕೋಡ್ ಎಂತ ಉತ್ತರ ಕೊಡ್ತದೋ ಅದನ್ನೇ ಟೆಸ್ಟ್ ಅಂತ ಬರೆದಿಡುದು. ಉತ್ತರ ತಪ್ಪಿದ್ರೂ ಹಾಗೇ ಬರೀರಿ. ಕ್ಯಾರೆಕ್ಟರೈಸೇಶನ್ ಟೆಸ್ಟ್ ಅಂತಾರೆ ಇದಕ್ಕೆ, ಕೋಡ್ ಸರಿ ಉಂಟಾ ಅಂತ ಕೇಳುದಲ್ಲ, ನಿನ್ನೆಯ ಹಾಗೇ ಉಂಟಾ ಅಂತ ಕೇಳುದು. ಒಂದು ತೊಡಕು ಬರ್ತದೆ, ಕ್ಲಾಸ್ ಒಳಗೇ ಇವತ್ತಿನ ತಾರೀಕು ತಗೊಳ್ತಿದ್ರೆ ಟೆಸ್ಟ್ ದಿನಕ್ಕೊಂದು ಉತ್ತರ ಕೊಡ್ತದೆ, ತಾರೀಕನ್ನು ಹೊರಗಿಂದ ಕೊಡುವ ಹಾಗೆ ಮಾಡಿ, ಅದಿಷ್ಟು ಟೆಸ್ಟ್ ಇಲ್ಲದೆಯೇ ಮಾಡ್ಬೇಕಾಗ್ತದೆ. ಆಮೇಲೆ ಕೈಯಲ್ಲಿ ಕಟ್ ಪೇಸ್ಟ್ ಬೇಡ, ಕೋಡ್ ಬರೆಯುವ ಸಾಫ್ಟ್‌ವೇರು ಇಂಟೆಲಿಜೆ ಆದ್ರೆ ಕಂಟ್ರೋಲ್ ಆಲ್ಟ್ ಎಂ ಒತ್ತಿದ್ರೆ ಮೆಥಡ್ ಅದೇ ಬೇರೆ ಮಾಡಿ ಕೊಡ್ತದೆ. ಒಂದು ಹೆಜ್ಜೆ, ಟೆಸ್ಟ್, ಕಮಿಟ್ (ಆ ಬದಲಾವಣೆಯನ್ನು ದಾಖಲು ಮಾಡುದು).

ಸುರತ್ಕಲ್‌ನಿಂದ:
ಟೆಸ್ಟ್ ಬಗ್ಗೆ ಕದ್ರಿಯವರು ಹೇಳಿದ್ದಕ್ಕೆ ನನ್ನದೂ ಓಟು. ಎಲ್ಲಿಂದ ಅನ್ನುದಕ್ಕೆ ನಾನು ಗಿಟ್ ಲಾಗ್ (ಯಾವ ಕೋಡ್ ಯಾವಾಗ ಬದಲಾಯ್ತು ಅನ್ನುವ ದಾಖಲೆ) ನೋಡುವವಳು. ಕಳೆದ ಒಂದು ವರ್ಷದಲ್ಲಿ ಯಾವ ಫೈಲ್ ಹೆಚ್ಚು ಸಲ ಬದಲಾಗಿದೆ, ಯಾವ ಯಾವ ಫೈಲುಗಳು ಯಾವಾಗಲೂ ಒಟ್ಟೊಟ್ಟಿಗೇ ಬದಲಾಗ್ತವೆ, ಎರಡೇ ಪ್ರಶ್ನೆ. ಒಂದು ಸಣ್ಣ ವಿಷಯಕ್ಕೆ ಹತ್ತು ಫೈಲ್ ಮುಟ್ಟಬೇಕಾದ್ರೆ ಅದೇ ಶಾಟ್‌ಗನ್ ಸರ್ಜರಿ, ನನ್ನ ಮಟ್ಟಿಗೆ ಉದ್ದ ಕ್ಲಾಸಿಗಿಂತ ದೊಡ್ಡ ಉಪದ್ರ ಅದು.

ನಮಗೆ ಬುದ್ಧಿ ಬಂದದ್ದು 2025 ಸೆಪ್ಟೆಂಬರ್ 22ಕ್ಕೆ, ತುಪ್ಪ ಬೆಣ್ಣೆಯ ಜಿಎಸ್‌ಟಿ 12ರಿಂದ 5ಕ್ಕೆ ಇಳಿಯಿತಲ್ಲ, ಅಂಗಡಿಯವರಿಗೆ ಖುಷಿ, ನಮಗೆ ನಿದ್ದೆ ಇಲ್ಲ. 12 ಅನ್ನುವ ಅಂಕೆ 17 ಫೈಲ್‌ನಲ್ಲಿ ಕೂತಿತ್ತು, ಅದರಲ್ಲಿ ಕೆಲವು ವರ್ಷಕ್ಕೆ 12 ತಿಂಗಳು ಅನ್ನುವ 12! ಸರ್ಚ್ ರಿಪ್ಲೇಸ್ ಹೊಡೆದವ ವರ್ಷವನ್ನು ಐದು ತಿಂಗಳು ಮಾಡಿ ಇಟ್ಟಿದ್ದ. ರೇಟನ್ನು ಒಂದು ಕಡೆ ತಂದ್ರೂ ಮುಗೀಲಿಲ್ಲ, ಆಗಸ್ಟಿನಲ್ಲಿ ಮಾರಿದ ತುಪ್ಪ ಅಕ್ಟೋಬರಿನಲ್ಲಿ ವಾಪಸ್ ಬಂದ್ರೆ ಹಳೇ ರೇಟೇ ಬೇಕಲ್ಲ. ಹಾಗಾಗಿ ಟ್ಯಾಕ್ಸ್‌ರೇಟ್ ಅಂತ ಬೇರೆ ಕ್ಲಾಸ್, ಅದಕ್ಕೆ ಐಟಮ್ಮೂ ತಾರೀಕೂ ಕೊಟ್ರೆ ರೇಟ್ ಹೇಳ್ತದೆ. ನಿಮ್ಮ ಬಿಲ್‌ಮ್ಯಾನೇಜರ್‌ನಿಂದ ಮೊದಲು ಹೊರಗೆ ಹೋಗ್ಬೇಕಾದದ್ದು ಟ್ಯಾಕ್ಸೇ ಇರ್ಬೇಕು, ಲಾಗ್ ನೋಡಿ ಹೇಳಿ.

ಮಲ್ಪೆಯಿಂದ:
ವಾಸನೆ ಬಂತು ಅಂತ ಎಲ್ಲಾ ತೊಳೀಲಿಕ್ಕೆ ಹೋಗ್ಬೇಡಿ. ಒಣಮೀನಿಗೂ ವಾಸನೆ ಉಂಟು, ಅದು ಹಾಳಾದದ್ದಲ್ಲ. 1999ರಲ್ಲಿ ಮಾರ್ಟಿನ್ ಫೌಲರ್ ಪುಸ್ತಕದಲ್ಲಿ ಈ ಲಿಸ್ಟ್ ಬಂದದ್ದು, ಸ್ಮೆಲ್ ಅಂತ ಹೆಸರಿಟ್ಟದ್ದು ಕೆಂಟ್ ಬೆಕ್, ಅವರೂ ಅದನ್ನು ಬಗ್ ಅಂತ ಕರೀಲಿಲ್ಲ. ನಮ್ಮಲ್ಲಿ ಪ್ರಿಂಟ್ ಮಾಡುವ 300 ಸಾಲಿನ ಒಂದು ಮೆಥಡ್ ಉಂಟು, ಮೇಲಿಂದ ಕೆಳಗೆ ನೇರ ಓದಿಕೊಂಡು ಹೋಗ್ಬಹುದು, ಆರು ವರ್ಷದಿಂದ ಯಾರೂ ಮುಟ್ಟಲಿಲ್ಲ, ಅದು ಅಲ್ಲೇ ಇರ್ಲಿ. ಇನ್ನೊಂದು ಕಡೆ ಒಬ್ಬ ಹುಮ್ಮಸ್ಸಿನಲ್ಲಿ 90 ಸಾಲಿನ ಮೆಥಡ್ಡನ್ನು 23 ಕ್ಲಾಸ್ ಮಾಡಿದ, ಪ್ರತಿಯೊಂದಕ್ಕೂ ಇಂಟರ್‌ಫೇಸು (ಎಂತ ಮಾಡ್ಬೇಕು ಅಂತ ಮಾತ್ರ ಹೇಳುದು), ಅದನ್ನು ನಿಜವಾಗಿ ಮಾಡುವ ಇಂಪ್ಲಿಮೆಂಟೇಶನ್ ಒಂದೊಂದೇ. ಈಗ ಡಿಸ್ಕೌಂಟ್ ಎಲ್ಲಿ ಕಟ್ ಆಗ್ತದೆ ಅಂತ ಹುಡುಕ್ಲಿಕ್ಕೆ ಅರ್ಧ ದಿನ. ಮುಂದೆ ಬೇಕಾದೀತು ಅಂತ ಕಟ್ಟಿಡುದೂ ಅದೇ ಲಿಸ್ಟಿನಲ್ಲಿ ಉಂಟು, ಸ್ಪೆಕ್ಯುಲೇಟಿವ್ ಜೆನರಾಲಿಟಿ, ಅದನ್ನು ಮಾತ್ರ ಯಾರೂ ಓದುದಿಲ್ಲ. ಒಂದೇ ಕೋಡ್ ಎರಡು ಕಡೆ ಇದ್ರೆ ನಾನು ಸಹಿಸಿಕೊಳ್ತೇನೆ, ಮೂರನೇದು ಬಂದಾಗ ಒಟ್ಟು ಮಾಡ್ತೇನೆ.

ಮಣಿಪಾಲದಿಂದ, ಹನ್ನೆರಡು ದಿನದ ನಂತರ:
ಕದ್ರಿ ಸರ್, 46 ಬಿಲ್ಲಿನ ಟೆಸ್ಟ್ ಬರೆದೆ. ಸುರತ್ಕಲ್ ಅಕ್ಕ ಹೇಳಿದ ಹಾಗೆ ಲಾಗ್ ನೋಡಿದೆ, ಟ್ಯಾಕ್ಸೇ. ನಮಗೆ ಕಾಸರಗೋಡಿನ ಗ್ರಾಹಕರೂ ಇದ್ದಾರೆ, ಹಾಗಾಗಿ ಜಿಎಸ್‌ಟಿ ನಂಬರ್ 29ರಿಂದ ಶುರುವಾದ್ರೆ ಕರ್ನಾಟಕ, 32 ಆದ್ರೆ ಕೇರಳ, ಐಜಿಎಸ್‌ಟಿ (ಬೇರೆ ರಾಜ್ಯಕ್ಕೆ ಮಾರಿದ್ರೆ ಹಾಕುವ ಜಿಎಸ್‌ಟಿ) ಹಾಕು ಅಂತ 11 ಕಡೆ ಬರೆದಿದ್ದಾರೆ, ಎಲ್ಲಾ ಬರೀ ಸ್ಟ್ರಿಂಗ್ (ಅಕ್ಷರಗಳ ಸಾಲು). ಅದಕ್ಕೊಂದು ಸಣ್ಣ ಕ್ಲಾಸ್ ಮಾಡಿ, 15 ಅಕ್ಷರ ಇಲ್ಲದಿದ್ರೆ ಅಲ್ಲೇ ತಡೆದು, ಒಂಬತ್ತು ಕಡೆ ಬದಲಿಸಿದೆ, ಟೆಸ್ಟ್ ಎಲ್ಲಾ ಹಸಿರು, ಅಂದ್ರೆ ಪಾಸ್. ಉಳಿದ ಎರಡು ಕಡೆ ಎಂತದೋ ಬೇರೆ, ನಂಬರೇ ಇಲ್ಲದ ಗ್ರಾಹಕ ಬಂದ್ರೆ ಒಂದು ಕಡೆ ಕರ್ನಾಟಕದವ ಅಂತಾರೆ, ಇನ್ನೊಂದು ಕಡೆ ಹೊರಗಿನವ. ಯಾವುದನ್ನು ಇಟ್ಟುಕೊಳ್ಳುದು?

ಕದ್ರಿಯಿಂದ:
ಸದ್ಯಕ್ಕೆ ಎರಡನ್ನೂ. ಹೊಸ ಕ್ಲಾಸಿನಲ್ಲಿ ಎರಡು ಮೆಥಡ್ ಮಾಡಿ, ಎರಡೂ ಬೇರೆ ಅಂತ ಹೆಸರಿನಲ್ಲೇ ಕಾಣ್ಲಿ, ಇದಿಷ್ಟನ್ನು ಮುಖ್ಯ ಕೋಡಿಗೆ ಮರ್ಜ್ ಮಾಡಿ. ಯಾವುದು ಸರಿ ಅಂತ ನೀವೂ ನಾನೂ ತೀರ್ಮಾನ ಮಾಡುದು ಬೇಡ, ಆಡಿಟರ್ ಹತ್ರ ಎರಡೂ ಬಿಲ್ಲು ಪ್ರಿಂಟ್ ತೆಗೆದು ತೋರಿಸಿ. ಅವರು ಹೇಳಿದ್ದನ್ನು ಬೇರೆ ಕಮಿಟ್ ಆಗಿ ಹಾಕಿ, ಮೆಸೇಜಿನಲ್ಲಿ ಬಗ್ ಫಿಕ್ಸ್ ಅಂತಲೇ ಬರೀರಿ, ರಿಫ್ಯಾಕ್ಟರಿಂಗ್ (ಉತ್ತರ ಬದಲಾಗದ ಹಾಗೆ ಕೋಡ್ ಚಂದ ಮಾಡುದು) ಅಂತ ಬೇಡ. ಮತ್ತೆ ಲೀಡ್‌ಗೆ ಈ ಎರಡು ಬಿಲ್ಲು ಮೊದಲೇ ತೋರಿಸಿ, ಆಡಿಟರ್ ಬಾಯಿಂದ ಕೇಳುದಕ್ಕಿಂತ ಅದು ಒಳ್ಳೇದು.