ಮೆನುವಿನಲ್ಲಿ ಐಕಾನ್ ಒಂದೇ ಸಾಕೇ, ಜೊತೆಗೆ ಕನ್ನಡದ ಪದವೂ ಬೇಕೇ?

ಪ್ರಶ್ನೆ (ದಾವಣಗೆರೆಯಿಂದ)

ದಾವಣಗೆರೆಯ ಎಪಿಎಂಸಿಗೆ ಮೆಕ್ಕೆಜೋಳ ತರುವ ರೈತರಿಗಾಗಿ ದಿನದ ಧಾರಣೆ ಮತ್ತು ಆವಕ ತೋರಿಸುವ ಮೊಬೈಲ್ ಆ್ಯಪ್ ಒಂದನ್ನು ರೂಪಿಸುತ್ತಿದ್ದೇವೆ. ಪರದೆಯ ತಳದ ಮೆನುವಿನಲ್ಲಿ ಧಾರಣೆ, ಆವಕ, ಹವಾಮಾನ, ನನ್ನ ಲಾಟ್‌ಗಳು, ಸೆಟ್ಟಿಂಗ್ಸ್ ಎಂಬ ಐದು ವಿಭಾಗಗಳಿವೆ. ಕನ್ನಡದ ಪದಗಳು ಅಗಲವಾಗಿ ಜಾಗ ಸಾಲುತ್ತಿಲ್ಲ, ಅಕ್ಷರ ಕಿರಿದು ಮಾಡಿದರೆ ಒತ್ತಕ್ಷರಗಳು ಕಲಸಿಹೋಗುತ್ತವೆ. ಓದು ಬಾರದವರಿಗೆ ಹೇಗೂ ಚಿತ್ರವೇ ಸುಲಭವೆಂದು ತಂಡದ ಕೆಲವರು ವಾದಿಸುತ್ತಿದ್ದಾರೆ. ಪದಗಳನ್ನು ತೆಗೆದು ಐಕಾನ್‌ಗಳನ್ನಷ್ಟೇ ಉಳಿಸಬಹುದೇ?

ಉತ್ತರ 1

ಉಳಿಸಬಾರದು ಎಂಬುದು ನನ್ನ ಅಭಿಪ್ರಾಯ. ಹುಡುಕಾಟಕ್ಕೆ ಭೂತಗನ್ನಡಿ, ಮುಖಪುಟಕ್ಕೆ ಮನೆ ಎಂಬುದು ನಮಗೆ ತಿಳಿದಿರುವುದು ಆ ಚಿತ್ರಗಳು ತಾವೇ ಅರ್ಥ ಹೇಳುತ್ತವೆಂದಲ್ಲ, ನೂರಾರು ಕಡೆ ಅವನ್ನೇ ನೋಡಿ ರೂಢಿಯಾಗಿದೆ ಎಂದು. ಮೂರು ಅಡ್ಡಗೆರೆಗಳ ಮೆನು ಚಿಹ್ನೆಯೂ ಹಾಗೆಯೇ: 1981ರ ಜೆರಾಕ್ಸ್ ಸ್ಟಾರ್ ಗಣಕಕ್ಕಾಗಿ ನಾರ್ಮ್ ಕಾಕ್ಸ್ ಅದನ್ನು ರಚಿಸಿದರು, ಆದರೆ ಬಹುಪಾಲು ಜನರಿಗೆ ಅದು ಪರಿಚಯವಾದದ್ದು ಸ್ಮಾರ್ಟ್‌ಫೋನ್ ಬಂದ ಮೇಲೆ.

ನಿಮ್ಮ ವಿಭಾಗಗಳಿಗೆ ಅಂಥ ರೂಢಿಯ ಬಲವಿಲ್ಲ. ಧಾರಣೆಗೆ ತಕ್ಕಡಿ ಬರೆದರೆ ರೈತರು ಅದನ್ನು ತೂಕವೆಂದು ಓದುತ್ತಾರೆ, ರೂಪಾಯಿ ಚಿಹ್ನೆ ಹಾಕಿದರೆ ಹಣ ಪಾವತಿಯೆಂದು ತಿಳಿದು ಒತ್ತಲು ಹಿಂಜರಿಯುತ್ತಾರೆ. ಆವಕಕ್ಕೆ ಲಾರಿ ಬರೆದರೆ ಬಾಡಿಗೆ ಗಾಡಿಯ ಬುಕ್ಕಿಂಗ್ ಎನಿಸಬಹುದು. ಮೂಟೆ ಬರೆದರೆ ಅದು ಮಾರುಕಟ್ಟೆಗೆ ಬಂದ ಮಾಲೋ, ತಮ್ಮದೇ ಲಾಟೋ ಎಂಬುದು ಸ್ಪಷ್ಟವಾಗುವುದಿಲ್ಲ.

ಓದು ಬಾರದವರ ವಿಷಯಕ್ಕೆ ಬಂದರೆ, 1951–52ರ ಮೊದಲ ಮಹಾಚುನಾವಣೆಯಲ್ಲಿ ಅಂಥ ಮತದಾರರಿಗೆಂದೇ ಚಿಹ್ನೆಗಳನ್ನು ತಂದದ್ದು ನಿಜ. ಆದರೆ ಆ ಚಿಹ್ನೆ ಯಾರದೆಂದು ಊರೂರು ಸುತ್ತಿ ಹೇಳಲು ಪ್ರಚಾರವಿರುತ್ತದೆ, ಇಂದಿನ ಮತಯಂತ್ರದಲ್ಲೂ ಚಿಹ್ನೆಯ ಜೊತೆಗೆ ಅಭ್ಯರ್ಥಿಯ ಹೆಸರನ್ನು ಉಳಿಸಿಕೊಂಡಿದ್ದಾರೆ. ನಿಮ್ಮ ಲಾರಿಯ ಚಿತ್ರಕ್ಕೆ ಪ್ರಚಾರ ಮಾಡುವವರಾರು?

ಉತ್ತರ 2 (ಚಿತ್ರದುರ್ಗದಿಂದ)

ಮೇಲಿನ ಉತ್ತರವನ್ನು ಬಹುಮಟ್ಟಿಗೆ ಒಪ್ಪುತ್ತೇನೆ, ಆದರೆ ಐಕಾನ್‌ಗಳನ್ನು ಅಷ್ಟು ಹಗುರವಾಗಿ ಕಾಣಬೇಕಿಲ್ಲ. ದಿನವೂ ಆ್ಯಪ್ ತೆರೆಯುವವರು ಕೆಲವೇ ದಿನಗಳಲ್ಲಿ ಪದ ಓದುವುದನ್ನು ಬಿಟ್ಟು ಆಕಾರ ಮತ್ತು ಸ್ಥಾನದಿಂದಲೇ ಗುರುತು ಹಿಡಿಯುತ್ತಾರೆ. ಆದ್ದರಿಂದ ಐಕಾನ್ ಇರಲಿ, ಅದರ ಜಾಗ ಎಂದೂ ಬದಲಾಗದಿರಲಿ. ಜಾಗದ ಕೊರತೆಗೆ ಬೇರೆ ದಾರಿಯಿದೆ. ಸೆಟ್ಟಿಂಗ್ಸ್ ಅನ್ನು ತಳದಿಂದ ತೆಗೆದು ಮೇಲಿನ ಮೂಲೆಗೆ ಒಯ್ಯಿರಿ. ಹಲ್ಲಿನ ಚಕ್ರ ರೂಢಿಗೆ ಬಂದಿರುವುದರಿಂದ ಅಲ್ಲಿ ಪದವಿಲ್ಲದೆ ನಡೆಯುತ್ತದೆ. 360 ಡಿಪಿ (ಆಂಡ್ರಾಯ್ಡ್ ಪರದೆಯ ಅಳತೆಯ ಮಾನ) ಅಗಲದ ಪರದೆಯಲ್ಲಿ ಐದು ವಿಭಾಗಗಳಿದ್ದರೆ ಒಂದೊಂದಕ್ಕೆ 72 ಡಿಪಿ, ನಾಲ್ಕಾದರೆ 90 ಡಿಪಿ ಸಿಗುತ್ತದೆ. ‘ನನ್ನ ಲಾಟ್‌ಗಳು’ ಎಂಬುದನ್ನು ‘ಲಾಟ್’ ಎಂದರೂ ಮಂಡಿಯಲ್ಲಿ ಎಲ್ಲರಿಗೂ ಅರ್ಥವಾಗುತ್ತದೆ.

ಪ್ರಶ್ನೆ ಕೇಳಿದವರು

ನಾಲ್ಕಕ್ಕೆ ಇಳಿಸುವ ಸಲಹೆ ಒಪ್ಪಿಗೆಯಾಯಿತು. ಆದರೂ ಒಂದು ಸಂದೇಹ: ಐಕಾನ್ ಅನ್ನು ಒತ್ತಿ ಹಿಡಿದಾಗ ಮಾತ್ರ ಪದ ಕಾಣುವಂತೆ ಮಾಡಿದರೆ ಸಾಲದೇ?

ಉತ್ತರ 3

ಸಾಲದು. ಕಂಪ್ಯೂಟರಿನಲ್ಲಿ ಮೌಸ್ ಮೇಲೆ ತಂದರೆ ಸಾಕು, ಪದ ತಾನಾಗಿ ಕಾಣುತ್ತದೆ. ಫೋನಿನಲ್ಲಿ ಒತ್ತಿ ಹಿಡಿಯಬೇಕೆಂದು ಮೊದಲೇ ಗೊತ್ತಿದ್ದವರಿಗೆ ಮಾತ್ರ ಅದು ಸಿಗುತ್ತದೆ. ಪದ ಕಾಣಲಿ ಬಿಡಲಿ, ಪ್ರತಿ ಐಕಾನ್‌ಗೂ ಕೋಡ್‌ನಲ್ಲಿ ಕನ್ನಡದ ಹೆಸರನ್ನು ಕೊಡಲೇಬೇಕು, ಇಲ್ಲವಾದರೆ ಪರದೆಯಲ್ಲಿರುವುದನ್ನು ಓದಿ ಹೇಳುವ ಟಾಕ್‌ಬ್ಯಾಕ್ ಸೌಲಭ್ಯ ಬಳಸುವ ಅಂಧರಿಗೆ ಅಲ್ಲೊಂದು ಬಟನ್ ಇದೆ ಎಂಬುದಷ್ಟೇ ತಿಳಿಯುತ್ತದೆ.

ಅಳತೆಯ ಬಗ್ಗೆ ಹೇಳುವುದಾದರೆ, ಚಿತ್ರ 24 ಡಿಪಿ ಇದ್ದರೂ ಬೆರಳು ತಾಗುವ ಜಾಗ ಕನಿಷ್ಠ 48 ಡಿಪಿ ಇರಬೇಕೆಂದು ಗೂಗಲ್‌ನ ವಿನ್ಯಾಸ ಮಾರ್ಗಸೂಚಿಯಾದ ಮೆಟೀರಿಯಲ್ ಡಿಸೈನ್ ಹೇಳುತ್ತದೆ. ಐಕಾನ್ ಮತ್ತು ಹಿನ್ನೆಲೆಯ ನಡುವೆ ಹೊಳಪಿನಲ್ಲಿ ಕನಿಷ್ಠ 3:1 ವ್ಯತ್ಯಾಸವಿರಬೇಕೆಂಬುದು ಡಬ್ಲ್ಯೂಸಿಎಜಿ (ಅಂಗವಿಕಲರೂ ಬಳಸುವಂತೆ ಜಾಲತಾಣ ರೂಪಿಸುವ ಅಂತರರಾಷ್ಟ್ರೀಯ ಮಾರ್ಗಸೂಚಿ) ನಿಯಮ. ಬಿಸಿಲಿನ ಪ್ರಾಂಗಣದಲ್ಲಿ ನೋಡುವ ಪರದೆಗೆ ನಾನಾದರೆ ಇನ್ನೂ ಹೆಚ್ಚೇ ಇಡುತ್ತೇನೆ. ಪದದ ಸಾಲಿನ ಎತ್ತರವನ್ನು ಇಂಗ್ಲಿಷ್ ಅಕ್ಷರಕ್ಕೆ ಹೊಂದಿಸಿ ಬಿಗಿ ಮಾಡಬೇಡಿ, ಒತ್ತಕ್ಷರದ ಕೆಳಭಾಗ ಕತ್ತರಿಸಿಹೋಗುತ್ತದೆ. ಫೋನಿನಲ್ಲಿ ಅಕ್ಷರದ ಗಾತ್ರ ಹಿಗ್ಗಿಸಿಕೊಂಡವರಿಗಂತೂ ಅದು ಮೊದಲು ಕಾಣುವ ದೋಷ.

ತಕ್ಕಡಿಯೋ ರೂಪಾಯಿಯೋ ಎಂಬುದನ್ನು ತಂಡದೊಳಗೆ ಚರ್ಚಿಸಿ ತೀರ್ಮಾನಿಸುವುದಕ್ಕಿಂತ, ಎರಡನ್ನೂ ಪದವಿಲ್ಲದೆ ಕಾಗದದ ಮೇಲೆ ಮುದ್ರಿಸಿ ಮಂಡಿಗೆ ಒಯ್ಯಿರಿ. ಚೆನ್ನಾಗಿದೆಯೇ ಎಂದು ಕೇಳಿದರೆ ಎಲ್ಲರೂ ಹೌದೆನ್ನುತ್ತಾರೆ. ಇದನ್ನು ಒತ್ತಿದರೆ ಏನು ಬರಬಹುದೆಂದು ಕೇಳಿ, ಬಂದ ಉತ್ತರವನ್ನು ಅವರದೇ ಮಾತಿನಲ್ಲಿ ಬರೆದುಕೊಳ್ಳಿ.