ಓದುಗರ ಸ್ಪಂದನ: ಮಗಳನ್ನು ತಲಶ್ಶೇರಿಗೆ ಕಳಿಸಲೇ?

ಕಳೆದ ಸಂಚಿಕೆಯಲ್ಲಿ ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕ ಹತ್ತಿರದ ತಾಯಿಯೊಬ್ಬರು ತಮ್ಮ ಚಿಂತೆ ಹೇಳಿಕೊಂಡಿದ್ದರು. ಎಂಟನೇ ಕ್ಲಾಸಿನ ಮಗಳು ಟ್ರ್ಯಾಂಪೊಲಿನ್‌ನಲ್ಲಿ, ಅಂದರೆ ಪುಟಿಯುವ ಬಲೆಯ ಮೇಲೆ ಹಾರಿ ಪಲ್ಟಿ ಹೊಡೆಯುವ ಆಟದಲ್ಲಿ, ರಾಜ್ಯಮಟ್ಟದ ಚಿನ್ನ ಗೆದ್ದಿದ್ದಾಳೆ. ಶನಿವಾರ, ಭಾನುವಾರ ಅಪ್ಪನ ಜೊತೆ ರೈಲಿನಲ್ಲಿ ಕಣ್ಣೂರು ಜಿಲ್ಲೆಯ ತಲಶ್ಶೇರಿಗೆ ಹೋಗಿ ಬಂದು ಕಲಿತವಳು. ಇನ್ನು ಅಲ್ಲೇ ಹಾಸ್ಟೆಲಿನಲ್ಲಿ ಇರಲಿ, ದೇಶದ ತಂಡಕ್ಕೆ ಹೋಗುವ ಹುಡುಗಿ ಎನ್ನುತ್ತಾರಂತೆ ಕೋಚ್. ಗಂಡನಿಗೆ ಅರೆಮನಸ್ಸು. ಅತ್ತೆಗೆ ಸುತರಾಂ ಇಷ್ಟವಿಲ್ಲ. ಬಂದ ಪತ್ರಗಳಲ್ಲಿ ಕೆಲವು ಇಲ್ಲಿವೆ.

*

ನಾನು ಮೂವತ್ತು ವರ್ಷ ಪಿ.ಟಿ. ಮಾಸ್ಟರಾಗಿದ್ದವನು. ಮೊದಲು ಒಂದು ಭಯ ಬಿಡಿಸುತ್ತೇನೆ. ಪಾರ್ಕಿನಲ್ಲಿ ಮಕ್ಕಳು ಗುಂಪಾಗಿ ಕುಣಿಯುವ ಬಲೆಯೇ ಬೇರೆ, ಇದೇ ಬೇರೆ. ಪಾರ್ಕಿನಲ್ಲಿ ಪೆಟ್ಟಾಗುವುದು ಹೆಚ್ಚಾಗಿ ಒಟ್ಟಿಗೆ ಹಾರಿ ಒಬ್ಬರ ಮೇಲೊಬ್ಬರು ಬೀಳುವುದರಿಂದ. ಸ್ಪರ್ಧೆಯ ಬಲೆ 4.28 ಮೀಟರ್ ಉದ್ದ, 2.14 ಮೀಟರ್ ಅಗಲ. ಒಬ್ಬಳೇ ಹತ್ತಬೇಕು. ಸುತ್ತ ಕಾಯಲು ಜನ ನಿಂತಿರುತ್ತಾರೆ. ಒಂದರ ಹಿಂದೆ ಒಂದರಂತೆ 10 ಪಲ್ಟಿ, ನಡುವೆ ನಿಲ್ಲುವಂತಿಲ್ಲ. ಎಷ್ಟು ಅಚ್ಚುಕಟ್ಟು, ಎಷ್ಟು ಕಷ್ಟದ್ದು, ಎಷ್ಟು ಹೊತ್ತು ಗಾಳಿಯಲ್ಲಿದ್ದಳು, ನಡುವಿನಿಂದ ಎಷ್ಟು ಸರಿದಳು ಎಂದೆಲ್ಲ ನೋಡಿ ಅಂಕ ಕೊಡುತ್ತಾರೆ. ನಮ್ಮ ತೆಂಕುತಿಟ್ಟು ಯಕ್ಷಗಾನದಲ್ಲಿ ಸುತ್ತಿ ಹಾರುವ ದಿಗಿಣ ನೋಡಿದವರಿಗೆ ಗೊತ್ತು, ಹಾರುವುದಕ್ಕಿಂತ ಇಳಿಯುವುದೇ ವಿದ್ಯೆ. 2000ದ ಸಿಡ್ನಿಯಿಂದ ಇದು ಒಲಿಂಪಿಕ್ಸ್‌ನಲ್ಲಿದೆ. ಅಪಾಯ ಇಲ್ಲ ಅನ್ನುವುದಿಲ್ಲ. ಕಾಯುವವರು ಎಷ್ಟು ಜನ, ಪಕ್ಕದ ಮ್ಯಾಟ್ ಎಷ್ಟು ದಪ್ಪ, ಹೊಸ ಪಲ್ಟಿ ಕಲಿಸುವಾಗ ಸೊಂಟಕ್ಕೆ ಹಗ್ಗದ ಬೆಲ್ಟ್ ಹಾಕುತ್ತಾರಾ, ಹತ್ತಿರ ಆಸ್ಪತ್ರೆ ಎಲ್ಲಿದೆ, ಇಷ್ಟನ್ನು ಹೋಗಿ ಕಣ್ಣಾರೆ ನೋಡಿ ಬನ್ನಿ.

ನಿವೃತ್ತ ಅಧ್ಯಾಪಕ, ನೀರ್ಚಾಲು

*

ಕಳಿಸಬೇಡಿ. ಜಿಮ್ನಾಸ್ಟ್ ದೀಪಾ ಕರ್ಮಾಕರ್ ತನ್ನ ಊರು ಅಗರ್ತಲಾದಲ್ಲೇ ಕಲಿತು 2016ರಲ್ಲಿ ರಿಯೊ ಒಲಿಂಪಿಕ್ಸ್‌ನಲ್ಲಿ ನಾಲ್ಕನೆಯವಳಾದಳು. ಹದಿಮೂರು ವರ್ಷದ ಮಗುವಿಗೆ ಅಮ್ಮನ ಕೈ ಊಟಕ್ಕಿಂತ ದೊಡ್ಡ ತರಬೇತಿ ಇಲ್ಲ.

ಗೃಹಿಣಿ, ಉಪ್ಪಳ

*

ದೀಪಾ ಅವರ ಊರಿನಲ್ಲೇ ಒಳ್ಳೆಯ ಗುರು ಇದ್ದರು. ಬದಿಯಡ್ಕದಲ್ಲಿ ಅಂಥ ಬಲೆಯೂ ಇಲ್ಲ, ಕಲಿಸುವವರೂ ಇಲ್ಲ ಎಂದು ತಾಯಿ ಬರೆದಿದ್ದರು. ಮುಂದಿನ ಪತ್ರ ಇಷ್ಟೇ ಇದೆ.

*

ಅಷ್ಟುದ್ದ ಬರೆದಿದ್ದೀರಿ. ಕೋಚ್ ಏನಂದರು, ಗಂಡ ಏನಂದರು, ಅತ್ತೆ ಏನಂದರು ಎಲ್ಲ ಇದೆ. ಹಾರುವವಳು ಏನಂದಳು?

ಮಂಜೇಶ್ವರ

*

ಅಕ್ಕಾ, ಹಾಸ್ಟೆಲ್ ಬಿಡಿ, ನನ್ನ ಚಿಂತೆ ಕನ್ನಡದ್ದು. ನಿಮ್ಮ ಮಗಳು ಕನ್ನಡ ಮೀಡಿಯಂ. ಅಲ್ಲಿ ಪಾಠ, ಮಾತು ಎಲ್ಲ ಮಲಯಾಳ. ಹತ್ತನೇ ಕ್ಲಾಸಿಗೆ ಎರಡೇ ವರ್ಷ ಇರುವಾಗ ಮೀಡಿಯಂ ಬದಲಿಸಿದರೆ ಮಗು ಒದ್ದಾಡುತ್ತದೆ. ನಮ್ಮ ಶಾಲೆಯ ಇಂಥ ಒಂದೊಂದು ಮಗು ಹೋದರೂ ಒಂದು ಡಿವಿಜನ್ ಉಳಿಯುತ್ತದೋ ಇಲ್ಲವೋ ಎಂಬ ಸ್ಥಿತಿ ಇದೆ. ಕಳಿಸುವುದೇ ಆದರೆ ದಿನಕ್ಕೊಂದು ಪುಟ ಕನ್ನಡ ಬರೆಯಲು ಹೇಳಿ. ವಾರಕ್ಕೊಮ್ಮೆ ಪೋಸ್ಟ್ ಮಾಡಲಿ.

ಕನ್ನಡ ಅಧ್ಯಾಪಿಕೆ, ಕುಂಬಳೆ

*

ಹೆಸರು ಬೇಡ ಎಂದವರ ಮುಂದಿನ ಪತ್ರವನ್ನು ಪೂರ್ತಿ ಕೊಟ್ಟಿದ್ದೇವೆ. ಇದನ್ನು ಆ ತಾಯಿಗೆ ಮೊದಲೇ ಕಳಿಸಿದ್ದೆವು. ಮಗಳಿಗೂ ಓದಲು ಕೊಡಿ ಎಂದಿದ್ದೆವು.

*

ಅಕ್ಕಾ, ನಿಮ್ಮ ಪತ್ರ ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ.

2009ರಲ್ಲಿ ನನ್ನನ್ನೂ ಕಳಿಸಿದ್ದರು. ನನಗೆ ಹದಿನಾಲ್ಕು. ನನ್ನದು ಪೋಲ್‌ವಾಲ್ಟ್, ಉದ್ದ ಕೋಲು ಊರಿ ಎತ್ತರದ ಬಾರ್ ದಾಟುವ ಆಟ. ಯಾವ ಹಾಸ್ಟೆಲ್ ಎಂದು ಹೇಳುವುದಿಲ್ಲ. ಹೊರಡುವ ದಿನ ನಮ್ಮ ಬಸ್ ಸ್ಟಾಪಿನಲ್ಲಿ ಕ್ಲಬ್ಬಿನವರು ದೊಡ್ಡ ಫ್ಲೆಕ್ಸ್ ಕಟ್ಟಿದ್ದರು. ನನ್ನ ಫೋಟೋ, ಕೆಳಗೆ "ಊರಿನ ಹೆಮ್ಮೆ". ಅಪ್ಪ ಅದರ ಎದುರು ನಿಂತು ಎರಡು ಸಲ ಕಣ್ಣೊರೆಸಿಕೊಂಡರು.

ಮೊದಲ ವರ್ಷ ಚೆನ್ನಾಗಿತ್ತು. ಎರಡನೇ ವರ್ಷ ಒಂದು ಬೆಳಿಗ್ಗೆ ಕೋಲು ಹಿಡಿದು ಓಡಿದೆ. ಕೋಲು ಊರುವ ಜಾಗಕ್ಕೆ ಬಂದಾಗ ಕಾಲು ನಿಂತೇ ಹೋಯಿತು. ಪೆಟ್ಟಾಗಿರಲಿಲ್ಲ. ಜ್ವರ ಇರಲಿಲ್ಲ. ಮರುದಿನವೂ ಹಾಗೇ. ನಾಟಕ ಮಾಡ್ತೀಯಾ ಎಂದರು. ಮೈದಾನಕ್ಕೆ ಸುತ್ತು ಹಾಕಿಸಿದರು. ಮನೆಗೆ ಫೋನ್ ಮಾಡುವಾಗ "ಚೆನ್ನಾಗಿದ್ದೇನೆ" ಅಂತಲೇ ಹೇಳುತ್ತಿದ್ದೆ. ಬರ್ತೇನೆ ಅನ್ನಲು ಬಾಯಿ ಬರುತ್ತಿರಲಿಲ್ಲ. ಕಣ್ಣು ಮುಚ್ಚಿದರೆ ಆ ಫ್ಲೆಕ್ಸೇ ಕಾಣುತ್ತಿತ್ತು. ಏಳು ತಿಂಗಳು ಹಾಗೆ ಕಳೆದೆ.

ಕೊನೆಗೆ ಊರಿಗೆ ಬಂದಾಗ ಮಳೆಗಾಲ. ನೆರೆಮನೆಯ ಕೊಟ್ಟಿಗೆ ಪಕ್ಕ ಸೌದೆ ರಾಶಿಗೆ ಅದೇ ಫ್ಲೆಕ್ಸ್ ಹೊದೆಸಿದ್ದರು. ನನ್ನ ಮುಖ ತಲೆಕೆಳಗಾಗಿತ್ತು, ಹಣೆಯ ಮೇಲೆ ನೀರು ನಿಂತಿತ್ತು. ಅವರು ಕೆಟ್ಟವರಲ್ಲ. ಗಟ್ಟಿ ಶೀಟು, ಸುಮ್ನೆ ಬಿಸಾಡುವುದು ಯಾಕೆ ಅಂತ ಹೊದೆಸಿದ್ದು. ಆದರೆ ನಾನು ಆ ದಾರಿಯಲ್ಲಿ ವರ್ಷಗಟ್ಟಲೆ ನಡೆಯಲಿಲ್ಲ.

ನನಗೆ ಆದದ್ದು ಬೇರೆಯವರಿಗೂ ಆಗುತ್ತದೆ ಎಂದು ಗೊತ್ತಾದದ್ದು ತುಂಬಾ ತಡವಾಗಿ. ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಅಮೆರಿಕದ ಜಿಮ್ನಾಸ್ಟ್ ಸಿಮೋನ್ ಬೈಲ್ಸ್, ಗಾಳಿಯಲ್ಲಿ ತಾನೆಲ್ಲಿದ್ದೇನೆ ಎಂದೇ ತಿಳಿಯುತ್ತಿಲ್ಲ ಎಂದು ಹಿಂದೆ ಸರಿದಳು. ನಿಮ್ಮ ಮಗಳ ಆಟದಲ್ಲೇ ಬ್ರಿಟನ್ನಿನ ಬ್ರಯೋನಿ ಪೇಜ್ ಇದ್ದಾಳೆ. ಅವಳಿಗೂ ಬರುತ್ತಿದ್ದ ಪಲ್ಟಿಗಳೇ ಮರೆತುಹೋಗಿದ್ದವಂತೆ. ಸುಲಭದ್ದರಿಂದ ಮತ್ತೆ ಕಲಿತಳು. 2016ರಲ್ಲಿ ಬೆಳ್ಳಿ, ಟೋಕಿಯೊದಲ್ಲಿ ಕಂಚು, 2024ರಲ್ಲಿ ಪ್ಯಾರಿಸ್‌ನಲ್ಲಿ ಚಿನ್ನ. ಆ ಸುದ್ದಿ ಓದಿ ಅಡುಗೆಮನೆಯಲ್ಲಿ ಕೂತು ಅತ್ತುಬಿಟ್ಟೆ. ನನಗೂ ಯಾರಾದರೂ "ಪರವಾಗಿಲ್ಲ, ಕೋಲು ಕೆಳಗಿಡು, ನಾಳೆ ಸುಮ್ನೆ ಓಡು ಸಾಕು" ಅಂದಿದ್ದರೆ?

ಕಳಿಸಬೇಡಿ ಎಂದು ನಾನು ಹೇಳುತ್ತಿಲ್ಲ ಅಕ್ಕಾ. ಆ ಮೊದಲ ವರ್ಷ ನನ್ನ ಬದುಕಿನ ಅತ್ಯಂತ ಖುಷಿಯ ವರ್ಷ. ಬಾರಿನ ಮೇಲೆ ಮೈ ಹೊರಳುವಾಗ ಒಂದು ಕ್ಷಣ ಏನೂ ಕೇಳಿಸುವುದಿಲ್ಲ. ಅದು ನಿಮ್ಮ ಮಗಳಿಗೆ ಗೊತ್ತಿರುತ್ತದೆ, ನಿಮಗೆ ಹೇಳಲು ಬರಲಿಕ್ಕಿಲ್ಲ. ಅವಳಿಗೆ ಹೋಗಬೇಕು ಅಂತಿದ್ದರೆ ಹೋಗಲಿ. ಫ್ಲೆಕ್ಸ್ ಮಾತ್ರ ಕಟ್ಟಲು ಬಿಡಬೇಡಿ. ಯಾವ ದಿನ ಫೋನ್ ಮಾಡಿ ಬರ್ತೇನೆ ಅಂದರೂ, ಯಾಕೆ ಅಂತ ಕೇಳದೆ ಅಪ್ಪ ಮುಂದಿನ ರೈಲಿಗೇ ಹೊರಡುತ್ತಾರೆ ಎಂದು ಅವಳಿಗೆ ಈಗಲೇ ಹೇಳಿಬಿಡಿ. ಅಪ್ಪನೇ ಹೇಳಲಿ.

ಹೆಸರು ಬೇಡ, ಮುಳ್ಳೇರಿಯ

*

ಕೊನೆಯದು ಎಪ್ಪತ್ತೊಂದು ವರ್ಷದ ಅಜ್ಜಿಯದು. ಮೊಮ್ಮಗಳ ಕೈಯಲ್ಲಿ ಬರೆಸಿದ್ದಾರೆ.

*

ಹೆಣ್ಣುಮಗಳು ಹಾಗೆಲ್ಲ ಹಾರಿದರೆ ಮುಂದೆ ಬಸುರಿಗೆ ತೊಂದರೆ ಎಂದು ನಿಮ್ಮ ಅತ್ತೆ ಹೇಳಿದರು ಎಂದು ಬರೆದಿದ್ದೀರಿ. ನಾನು ತುಂಬಿದ ಬಸುರಿಯಲ್ಲಿ ಗದ್ದೆಯಲ್ಲಿ ನೇಜಿ ನೆಟ್ಟವಳು, ಹುಲ್ಲಿನ ಕಟ್ಟ ಹೊತ್ತು ಗದ್ದೆಯ ಹುಣಿ ದಾಟಿದವಳು. ಐದು ಹೆತ್ತೆ, ಐದೂ ಗಟ್ಟಿ ಇವೆ. ನಿಮ್ಮ ಅತ್ತೆಗೆ ಹೆದರಿಕೆ ಇರುವುದು ಬೇರೆ, ಮಗು ಮನೆಯಲ್ಲಿ ಇಲ್ಲದೆ ಹೊತ್ತು ಹೋಗುವುದು ಹೇಗೆ ಅಂತ. ಅದನ್ನು ಬಾಯಿಬಿಟ್ಟು ಹೇಳಲಿಕ್ಕೆ ಆಗುವುದಿಲ್ಲ ನಮಗೆ. ಈ ಕಾಗದ ಅವರಿಗೆ ಓದಿ ಹೇಳಿ ಮಗಾ. ಬೇಕಾದರೆ ನಾನೇ ಬಂದು ಮಾತಾಡುತ್ತೇನೆ. ಪೆರ್ಲದಿಂದ ಬದಿಯಡ್ಕಕ್ಕೆ ಬಸ್ಸಿದೆ.

ಪೆರ್ಲ