ಡೀಪ್ ಟಿಶ್ಯೂ ಮಸಾಜ್‌ಗೆ ಹೋಗುವ ಮುಂಚೆ ಏನು ಗೊತ್ತಿರಬೇಕು?

ಮೂಡಿಗೆರೆ ತೋಟದವನು:
ವಯಸ್ಸು 54. ಮಳೆ ಬಿಟ್ಟಿತು ಅಂತ ಹದಿನೈದು ದಿನ ಕಳೆ ಹೊಡೆಯುವ ಮಿಷನ್ ಹೆಗಲಿಗೆ ಹಾಕಿಕೊಂಡು ಕಾಫಿ ತೋಟವೆಲ್ಲ ಸುತ್ತಿದೆ. ಆಳು ಸಿಗಲ್ಲ, ಏನು ಮಾಡೋದು. ಈಗ ಬಲ ಹೆಗಲ ಹಿಂದೆ ಹಲಸಿನ ಬೀಜದಷ್ಟು ಗಂಟು. ಬೆಂಗಳೂರಿನಲ್ಲಿರುವ ಮಗಳು ಚಿಕ್ಕಮಗಳೂರಿನ ಒಂದು ಸ್ಪಾದಲ್ಲಿ ಭಾನುವಾರಕ್ಕೆ ಒಂದು ಗಂಟೆ ಡೀಪ್ ಟಿಶ್ಯೂ ಮಸಾಜ್ ಬುಕ್ ಮಾಡಿದ್ದಾಳೆ. ನನಗೆ ಗೊತ್ತಿರೋದು ದೀಪಾವಳಿಗೆ ಹೆಂಡತಿ ನೆತ್ತಿಗೆ ಎಣ್ಣೆ ತಟ್ಟೋದು ಅಷ್ಟೇ. ತುಂಬಾ ನೋವಾಗುತ್ತಾ? ಬಿಪಿ ಮಾತ್ರೆ ಇದೆ. ಎರಡು ವರ್ಷದ ಹಿಂದೆ ಹೃದಯದ ರಕ್ತನಾಳಕ್ಕೆ ಸ್ಟೆಂಟ್ ಹಾಕಿದ್ದಾರೆ, ಅದಕ್ಕೂ ಮಾತ್ರೆ ನಡೆಯುತ್ತಿದೆ.

ಚಾರ್ಮಾಡಿ ಡ್ರೈವರ್:
ಅಣ್ಣಾ, ನಾನು ಹೋದ ವರ್ಷ ಸೊಂಟಕ್ಕೆ ಮಾಡಿಸಿದೆ. ಇದು ಎಣ್ಣೆ ಸವರುವ ಕೆಲಸ ಅಲ್ಲ. ಮೊದಲು ಮೇಲ್ಮೇಲೆ ಕೈಯಾಡಿಸಿ ಮೈ ಬಿಸಿ ಮಾಡುತ್ತಾರೆ. ಆಮೇಲೆ ಹೆಬ್ಬೆರಳು, ಗೆಣ್ಣು, ಮೊಣಕೈ ಊರಿ ನಿಧಾನಕ್ಕೆ ಆಳಕ್ಕೆ ಒತ್ತುತ್ತಾ ಹೋಗುತ್ತಾರೆ. "ಸರ್, ಪ್ರೆಶರ್ ಜಾಸ್ತಿ ಆಯ್ತಾ?" ಅಂತ ಎರಡು ಸಲ ಕೇಳಿದರು. ನಾನು ಗಂಡಸು ನೋಡಿ, ಹಲ್ಲು ಕಚ್ಚಿಕೊಂಡು "ಇಲ್ಲ" ಅಂದೆ. ಮಾರನೇ ದಿನ ಕ್ಲಚ್ ತುಳಿಯೋಕೆ ಆಗಲಿಲ್ಲ, ಒಂದು ಟ್ರಿಪ್ ಹೋಯಿತು. ಒಂದೆರಡು ದಿನ ಮೈಕೈ ನೋವು ಇದ್ದೇ ಇರುತ್ತದೆ. ಆದರೆ ಉಸಿರು ಬಿಗಿ ಹಿಡಿಯುವಷ್ಟು ನೋವಾದರೆ ಅಲ್ಲೇ ಹೇಳಿಬಿಡಿ. ಮೈ ಬಿಗಿ ಮಾಡಿಕೊಂಡರೆ ಒತ್ತಿದ್ದೆಲ್ಲ ದಂಡ. ಹೊಟ್ಟೆ ತುಂಬ ತಿಂದೂ ಹೋಗಬೇಡಿ. ನಾನು ಕಡುಬು, ಕೋಳಿ ಸಾರು ಮುಗಿಸಿ ಬೋರಲು ಮಲಗಿದ್ದೆ. ಬೇಡ, ಆ ಕಥೆ.

ಹಾಸನದ ಫಿಸಿಯೋ:
ಡ್ರೈವರ್ ಹೇಳಿದ್ದು ಸರಿ. ಆದರೆ ತೋಟದವರೇ, ನೀವು ಕೊನೆಗೆ ಸುಮ್ನೆ ಸೇರಿಸಿದ ಮಾತೇ ಮುಖ್ಯ. ಸ್ಟೆಂಟ್ ಹಾಕಿದವರಿಗೆ ಸಾಮಾನ್ಯವಾಗಿ ಆಸ್ಪಿರಿನ್, ಕ್ಲೋಪಿಡೋಗ್ರೆಲ್ ಥರದ ಮಾತ್ರೆ ಕೊಡುತ್ತಾರೆ, ರಕ್ತ ಹೆಪ್ಪುಗಟ್ಟಬಾರದು ಅಂತ. ಅಂಥವರ ಬೆನ್ನಿಗೆ ಮೊಣಕೈ ಊರಿದರೆ ಒಳಗೇ ರಕ್ತ ಸೋರಿ ನೀಲಿಗಟ್ಟಬಹುದು. ಹಾಗಂತ ಮಸಾಜ್‌ಗೋಸ್ಕರ ಮಾತ್ರೆ ನಿಲ್ಲಿಸಲೇಬೇಡಿ. ಹೃದಯದ ಡಾಕ್ಟರನ್ನು ಕೇಳಿ, ಸ್ಪಾದವರಿಗೂ ಮೊದಲೇ ಹೇಳಿ. ಕೈ ಜೋಮು ಹಿಡಿಯುತ್ತಿದ್ದರೆ ಅದು ಕುತ್ತಿಗೆಯ ನರದ ತೊಂದರೆ ಇರಬಹುದು, ತೋರಿಸಿ. ಏರು ಹತ್ತುವಾಗ ಹೆಗಲ ನೋವಿನ ಜೊತೆ ಎದೆ ಬಿಗಿತ, ಬೆವರು ಬಂದರೆ ತಡಮಾಡದೆ ಆಸ್ಪತ್ರೆಗೆ ಹೋಗಿ.

ಮೂಡಿಗೆರೆ ತೋಟದವನು:
ಜೋಮು, ಎದೆ ಬಿಗಿತ ಏನೂ ಇಲ್ಲ. ಡಾಕ್ಟರಿಗೆ ಫೋನ್ ಮಾಡಿದೆ. "ಮೊಣಕೈ ಎಲ್ಲ ಬೇಡ, ಬೇಕಾದರೆ ಮೆಲ್ಲಗೆ ಎಣ್ಣೆ ಹಚ್ಚಿಸಿಕೊಳ್ಳಿ" ಅಂದರು. ಬುಕಿಂಗ್ ಈಗ ಹೆಂಡತಿ ಹೆಸರಿಗೆ ಹೋಗಿದೆ. ಭಾನುವಾರ ಅವಳು ಸ್ಪಾಗೆ, ನಾನು ಬಚ್ಚಲ ಹಂಡೆ ಮುಂದೆ. ಅಂದ ಹಾಗೆ, ನನ್ನ ಮಿಷನ್‌ಗೆ ಇರೋದು ಒಂದೇ ಹೆಗಲಿನ ಬೆಲ್ಟ್. ಎರಡೂ ಹೆಗಲಿಗೆ ಹಾಕುವಂಥದ್ದು ಚಿಕ್ಕಮಗಳೂರಿನಲ್ಲಿ ಸಿಗುತ್ತಾ?